ಓಬಣ್ಣನ ಉಪ್ಪು

ಹೊಸದುರ್ಗದಿಂದ ಹೊಳಲ್ಕೆರೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗುವ ಕಡೆ, ಟಾರು ರಸ್ತೆ ಬಿಟ್ಟು ಒಳಕ್ಕೆ ಹೋದರೆ ಕಾಳಕ್ಕನ ಹಟ್ಟಿ. ಕಾಳಕ್ಕನನ್ನು ಹುಡುಕಿಕೊಂಡು ಬಂದವರು ಮನೆ ಬಾಗಿಲಲ್ಲಿ ಕೂಗಿ ಪ್ರಯೋಜನವಿಲ್ಲ, ಕುರಿರೊಪ್ಪದ ಹತ್ತಿರ ಹೋಗಬೇಕು. ಅಲ್ಲಿ ಬಿದಿರಿನ ತಡಿಕೆಗೆ ಒರಗಿಕೊಂಡು, ಮಡಿಲಲ್ಲಿ ಒಂದು ಮರಿ ಹಾಕಿಕೊಂಡು, ಇನ್ನೊಂದನ್ನು ಬೈಯುತ್ತಾ ಕೂತಿರುತ್ತಾಳೆ. ಬೈಗುಳ ಕುರಿಗೋ ಬಂದವರಿಗೋ ಅಂತ ಗೊತ್ತಾಗೋಕೆ ಸ್ವಲ್ಪ ಹೊತ್ತು ಬೇಕು.

ತವರು ಹಿರಿಯೂರು ಕಡೆ. ಮಾರಿಕಣಿವೆ ನೀರಿನ ಅಂಚಿನಲ್ಲಿ ಕುರಿಗೆ ನೀರು ಕುಡಿಸಿ ಬೆಳೆದ ಹುಡುಗಿ. ಓಬಣ್ಣನ ಕೈ ಹಿಡಿದು ಈ ಹಟ್ಟಿಗೆ ಬಂದಳು. ಓಬಣ್ಣ ಕುರಿ ಕಾಯುವುದರಲ್ಲಿ ಎಷ್ಟು ಗಟ್ಟಿಗನೋ ಕಥೆ ಹೇಳುವುದರಲ್ಲಿ ಅದರ ಎರಡರಷ್ಟು. ಲಗ್ನ ಗೊತ್ತಾಗಿ, ಇನ್ನೂ ತಾಳಿ ಕಟ್ಟುವ ಮುಂಚೆ, ಒಂದು ಟಗರಿನ ವಿಷಯಕ್ಕೆ ಅಪ್ಪನ ಜೊತೆ ಜಗಳ ಮಾಡಿಕೊಂಡು ಕಂಬಳಿ ಹೆಗಲಿಗೆ ಹಾಕಿ ಮನೆ ಬಿಟ್ಟಿದ್ದನಂತೆ. ಸುಗ್ಗಿಯಲ್ಲಿ ಹೋದವನು ಮಳೆ ಬೀಳುವ ಹೊತ್ತಿಗೆ ಬಂದ. ಹೆಗಲ ಮೇಲೆ ಒಂದು ಮೂಟೆ ಕಲ್ಲುಪ್ಪು, ಬಾಯಿ ತುಂಬಾ ಕಥೆ.

"ಸಮುದ್ರದ ಪಕ್ಕ ಉಪ್ಪಿನ ಹೊಲದಾಗೆ ದುಡಿದೆ ಕಣ್ರೋ. ನಮ್ಮ ರಾಗಿ ಮಡಿ ಇದ್ದಂಗೆ ಮಡಿ ಮಾಡಿ ಉಪ್ಪು ಬೆಳೀತಾರೆ," ಅಂದ.

"ಬೀಜ ಎಲ್ಲಿ ತರ್ತಾರಪ್ಪಾ? ಹಿರಿಯೂರು ಸಂತೇಲೋ, ಹೊಳಲ್ಕೆರೆ ಸಂತೇಲೋ?" ಅಂತ ಕೇಳಿದವನು ಬೋರಪ್ಪ, ಓಬಣ್ಣನ ಚಿಕ್ಕಪ್ಪನ ಮಗ. ಹಟ್ಟಿಯೆಲ್ಲಾ ನಕ್ಕಿತು. ಅವತ್ತಿನಿಂದ ಯಾರು ಏನು ಬುರುಡೆ ಬಿಟ್ಟರೂ ಅದಕ್ಕೆ 'ಓಬಣ್ಣನ ಉಪ್ಪು' ಅನ್ನೋದು ರೂಢಿಯಾಯಿತು. ಮಗ ಪರೀಕ್ಷೆ ಚೆನ್ನಾಗಿ ಬರೆದೆ ಅಂದರೆ, "ಬರೆದಿದ್ದೋ, ಓಬಣ್ಣನ ಉಪ್ಪೋ?" ಸೊಸೆ ತಲೆನೋವು ಅಂದರೆ, "ಓಬಣ್ಣನ ಉಪ್ಪು!"

ಓಬಣ್ಣ ಇದ್ದಾಗ ಅವನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಕಾಳಕ್ಕನೂ ನಗುತ್ತಿದ್ದಳು. ಆದರೆ ಅವನು ತೀರಿಕೊಂಡ ಮೇಲೆ, ಹಿರಿಯರ ಹಬ್ಬದಲ್ಲಿ ಎಡೆ ಇಟ್ಟಾಗ ಯಾರೋ ಒಬ್ಬರು ಬಾಳೆಲೆಯ ತುದಿಯ ಉಪ್ಪು ತೋರಿಸಿ, "ಇದು ಬೆಳೆದಿದ್ದೋ, ಅಂಗಡೀದೋ?" ಅಂದರು. ಎಲ್ಲರೂ ನಕ್ಕರು. ಉತ್ತರ ಕೊಡಬೇಕಾದವನು ಮಾತ್ರ ಇರಲಿಲ್ಲ. ಆ ನಗು ಕೇಳಲಾರದೆ ಕಾಳಕ್ಕ ಎದ್ದು ರೊಪ್ಪಕ್ಕೆ ಹೋದಳು.

ಉಪ್ಪು ಮಡಿಯಲ್ಲೇ ಆಗುತ್ತೆ ಅಂತ ಈಗಿನ ಮಕ್ಕಳಿಗೆಲ್ಲಾ ಗೊತ್ತು. ಮೊಮ್ಮಗಳು ಅಂಜಲಿ ಚಿತ್ರದುರ್ಗದಲ್ಲಿ ಕಾಲೇಜು ಓದುವವಳು. "ಅಜ್ಜಿ, ಶಾಲೆ ಪುಸ್ತಕದಲ್ಲೇ ಐತೆ. ತಾಳು, ಫೋನಲ್ಲೇ ತೋರಿಸ್ತೀನಿ," ಅಂದಳು.

"ನಿನ್ನ ಫೋನು ನಿಮ್ಮಜ್ಜನ್ನ ಅಲ್ಲಿ ನೋಡೈತಾ?" ಅಂದಳು ಕಾಳಕ್ಕ.

ಮಾತು ಇದ್ದದ್ದೇ ಅಲ್ಲಿ. ಬೋರಪ್ಪ ಈಗ ರಾಗ ಬದಲಾಯಿಸಿದ್ದ. "ಉಪ್ಪಿನ ಹೊಲ ಇರ್ಬಹುದು ಅತ್ತಿಗೆ, ನಾನ್ಯಾಕೆ ಇಲ್ಲ ಅನ್ಲಿ? ನಮ್ಮಣ್ಣ ಅಲ್ಲಿಗೆ ಹೋಗಿರ್ಲಿಲ್ಲ ಅಷ್ಟೆ. ಶಿವಮೊಗ್ಗದಾಗೆ ಯಾವುದೋ ಮಂಡೀಲಿ ಮೂಟೆ ಹೊತ್ಕೊಂಡು ಕುಂತಿದ್ದ. ಘಟ್ಟ ಇಳಿದು ಬಂದ ಲಾರಿಯೋರು ಹೇಳಿದ್ದನ್ನ ತಂದು ನಮಗೆ ಹೇಳ್ದ."

ಹಂಗಾದರೆ ಗಂಡ ಬದುಕಿಡೀ ತನ್ನ ಪಕ್ಕದಲ್ಲಿ ಮಲಗಿ ಇನ್ಯಾರದೋ ಕಥೆ ಹೇಳಿದನೇ? ಕಾಳಕ್ಕನಿಗೆ ಗೊತ್ತಾಗಬೇಕಾಗಿದ್ದದ್ದು ಇಷ್ಟೇ. ಹೋಗಿದ್ದನೋ, ಇಲ್ಲವೋ.

ಶಿವರಾತ್ರಿ ಕಳೆದ ಮೇಲೆ ದಾರಿ ತಾನಾಗಿ ತೆರೆಯಿತು. ಮಗ ದುರುಗೇಶ ಮ್ಯಾಕ್ಸಿಕ್ಯಾಬ್ ಇಟ್ಟುಕೊಂಡಿದ್ದ. ಗಾಡಿ ಕೊಂಡಾಗ ಮುರುಡೇಶ್ವರಕ್ಕೆ ತಂದು ಪೂಜೆ ಮಾಡಿಸ್ತೀನಿ ಅಂತ ಹರಕೆ ಹೊತ್ತಿದ್ದ. ಸೊಸೆ ಅನುಸೂಯ, "ಕುರಿ ನಾನು ನೋಡ್ಕಳ್ತೀನಿ, ನೀವು ಹೋಗಿ ಬರ್ರಿ ಅತ್ತೆ," ಅಂದಳು.

"ಉಪ್ಪಿನ ಹೊಲ ತೋರಿಸಿದ್ರೆ ಬರ್ತೀನಿ. ಇಲ್ಲಾಂದ್ರೆ ನಿಮ್ಮ ಮುರುಡೇಶ್ವರನ್ನ ಇಲ್ಲಿಂದಲೇ ಕೈ ಮುಗೀತೀನಿ," ಅಂದಳು ಕಾಳಕ್ಕ. ಸುದ್ದಿ ಕಿವಿಗೆ ಬಿದ್ದ ಬೋರಪ್ಪ ಯಾರೂ ಕರೆಯದೆ ಹೊಸ ಚಪ್ಪಲಿ ಮೆಟ್ಟಿಕೊಂಡು ಗಾಡಿ ಹತ್ತಿದ. ಅತ್ತಿಗೆ ಸೋಲುವುದನ್ನು ಕಣ್ಣಾರೆ ನೋಡಬೇಕಲ್ಲ.

ಅಂಜಲಿಯೂ ಸೇರಿ ನಾಲ್ವರು ಹೊಳಲ್ಕೆರೆಯ ಬಯಲು ಗಣಪನಿಗೆ ಒಂದು ಕಾಯಿ ಒಡೆದು ಹೊರಟರು. ಶಿವಮೊಗ್ಗ ಬಂದಾಗ ಬೋರಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಪ್ರತಿ ಮಂಡಿಗೂ ಬೆರಳು ತೋರಿಸಿದ. "ಅಗೋ ಅತ್ತಿಗೆ, ಇಲ್ಲೇ ಇರ್ಬೇಕು ನಮ್ಮಣ್ಣ ಸಮುದ್ರ ನೋಡಿದ್ದು!"

"ಮುಚ್ಚೋ ಬಾಯಿ. ಧೂಳು ಹೋಗ್ತೈತೆ," ಅಂದಳು ಕಾಳಕ್ಕ.

ಜೋಗ ದಾಟಿ ಘಟ್ಟ ಇಳಿಯತೊಡಗಿದರು. ಕಾಡು ರಸ್ತೆಯ ಮೇಲೇ ಬಂದು ಕವಿದುಕೊಂಡಿತ್ತು. ಕಾಳಕ್ಕ ಹುಟ್ಟಿದಾಗಿನಿಂದ ಬಯಲು ಕಂಡವಳು. "ಇಲ್ಲಿ ಕುರಿ ಕಳೆದ್ರೆ ಹೆಂಗಪ್ಪ ಹುಡುಕ್ತಾರೆ?" ಅಂತ ತನಗೆ ತಾನೇ ಅಂದುಕೊಂಡಳು. ಒಂದು ತಿರುವಿನಲ್ಲಿ ದುರುಗೇಶ ಗಕ್ಕನೆ ಬ್ರೇಕು ಹಾಕಿದ.

ರಸ್ತೆ ಬದಿಯ ಕೊಂಬೆಯ ಮೇಲೆ ಒಂದು ಕರಿ ಕೋತಿ ಕೂತು ಯಾವುದೋ ಕಾಯಿ ಬಿಡಿಸುತ್ತಿತ್ತು. ಮುಖದ ಸುತ್ತ ಬೂದಿ ಬಣ್ಣದ ಜಟೆ. ಇಳಿಬಿದ್ದ ಬಾಲದ ತುದಿಯಲ್ಲಿ ಸುಣ್ಣ ಬಳಿಯುವ ಕುಂಚದಂಥ ಕೂದಲು. ಗಾಡಿಯನ್ನೂ ಗಾಡಿಯೊಳಗಿನವರನ್ನೂ ಒಂದು ಸಲ ನೋಡಿ, ನೋಡುವಂಥದ್ದು ಏನೂ ಇಲ್ಲ ಅನ್ನುವ ಹಾಗೆ ಮುಖ ತಿರುಗಿಸಿತು.

"ಸಿಂಗಳೀಕ ಅಜ್ಜಿ! ಎಲ್ಲಾ ಕಡೆ ಇರಲ್ಲ ಇದು," ಅಂಜಲಿ ಪಿಸುಗುಟ್ಟಿದಳು.

ಕಾಳಕ್ಕ ಸೀಟಿನಿಂದ ಅರ್ಧ ಎದ್ದಿದ್ದಳು. "ಸಿಂಹದ ಮುಖ, ಕೋತಿ ಮೈ, ಬಾಲದಾಗೆ ಕುಂಚ. ನಿಮ್ಮಜ್ಜ ಹೇಳ್ತಿದ್ರಲ್ಲೇ! ದುರುಗೇಶನ್ನ ಮಲಗಿಸ್ಬೇಕಾದ್ರೆ ಹೇಳ್ತಿದ್ರು. ಏನಪ್ಪ ಬೋರಪ್ಪ, ಕಂಡ್ಯಾ?"

ಬೋರಪ್ಪ ಕೋತಿಯನ್ನು ಕಣ್ಣು ಕಿರಿದು ಮಾಡಿ ನೋಡಿದ. ಕೆಮ್ಮಿದ. "ಲಾರಿಯೋರು ಹೇಳಿರ್ತಾರೆ," ಅಂದ.

ಮುರುಡೇಶ್ವರದಲ್ಲಿ ಆ ಎತ್ತರದ ಶಿವನನ್ನು ನೋಡಿ ಕಾಳಕ್ಕ ಕೈ ಮುಗಿದದ್ದಕ್ಕಿಂತ ಕತ್ತು ನೀವಿಕೊಂಡದ್ದೇ ಜಾಸ್ತಿ. ಬೆಳಿಗ್ಗೆ ಗಾಡಿಗೆ ಪೂಜೆಯಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಯಿತು. ಅಂಜಲಿ ಹಟ ಮಾಡಿ ಎಲ್ಲರನ್ನೂ ದೋಣಿ ಹತ್ತಿಸಿದಳು. ದೋಣಿ ಸ್ವಲ್ಪ ದೂರ ಹೋದಾಗ ನೀರಿನಿಂದ ಒಂದು ದೊಡ್ಡ ಬೂದು ಮೀನು ಮೇಲೆದ್ದು, ಬೆನ್ನು ಬಾಗಿಸಿ, ಮತ್ತೆ ಮುಳುಗಿತು. ಅದರ ಹಿಂದೆ ಇನ್ನೊಂದು. ಅಂಜಲಿ ಡಾಲ್ಫಿನ್ ಅಂತ ಕಿರುಚಿದಳು. ಕಾಳಕ್ಕ, "ಲಾಗ ಹೊಡೆಯೋ ಮೀನು! ಅದನ್ನೂ ಹೇಳಿದ್ರು!" ಅಂತ ದೋಣಿ ಅಲ್ಲಾಡುವ ಹಾಗೆ ಎದ್ದಳು. ಬೋರಪ್ಪ ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಚೌಡೇಶ್ವರಿಯನ್ನು ನೆನೆಯುತ್ತಿದ್ದ.

"ನೋಡಿದ್ಯೇನೋ?"

"ನಾನು ನೋಡಿಲ್ಲ. ನೋಡದೇ ಇದ್ದಿದ್ದಕ್ಕೆ ಸಾಕ್ಷಿ ಹೇಳಾಕಾಗಲ್ಲ."

ಮಧ್ಯಾಹ್ನ ಹೊನ್ನಾವರದ ಈಚೆ ಒಂದು ಕಡಲ ದಂಡೆಯಲ್ಲಿ ಊಟಕ್ಕೆ ನಿಂತರು. ನೀರು ಬಹಳ ಕೆಳಗಿತ್ತು, ಮರಳು ಹಸಿಯಾಗಿ ತಣ್ಣಗಿತ್ತು. ಏಡಿ ಮರಿಗಳು ಗೋಲಿಯಂಥ ಮರಳುಂಡೆ ಕಟ್ಟಿ ಇಟ್ಟು ಓಡುತ್ತಿದ್ದವು. ದುರುಗೇಶ ಮೇಲೆ ಗಾಳಿಮರದ ನೆರಳಲ್ಲಿ ಕೂರೋಣ ಅಂದ. ಕಾಳಕ್ಕನೂ ಬೋರಪ್ಪನೂ ಈ ಒಂದು ವಿಷಯದಲ್ಲಿ ಮಾತ್ರ ಒಂದಾದರು. ನೀರಿನ ಹತ್ತಿರ ಕೂತರೆ ತಂಪು. ಮಾರಿಕಣಿವೆಯಲ್ಲಾಗಲಿ ಭರಮಸಾಗರದ ಕೆರೆಯಲ್ಲಾಗಲಿ ನೀರು ಬೆಳಿಗ್ಗೆ ಎಲ್ಲಿತ್ತೋ ಸಂಜೆಗೂ ಅಲ್ಲೇ ಇರುತ್ತೆ. ಕುರಿ ಕಾಯುವವರು ಅದರ ಅಂಚಿಗೆ ಕಂಬಳಿ ಹಾಸಿ ಬುತ್ತಿ ಬಿಚ್ಚೋದೇ ಹೊರತು ಬಿಸಿ ಮರಳಲ್ಲಿ ಯಾರು ಕೂರುತ್ತಾರೆ?

ಕಂಬಳಿ ಹಾಸಿದರು. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬುತ್ತಿ ಉಂಡು, ಒಂದಿಷ್ಟು ರೊಟ್ಟಿ ರಾತ್ರಿಗೆ ಗಂಟು ಕಟ್ಟಿಟ್ಟರು. ದುರುಗೇಶ ಗಾಡಿಯೊಳಗೆ ಹೋಗಿ ಒರಗಿದ, ಅಂಜಲಿ ಚಿಪ್ಪು ಆಯುತ್ತಾ ದೂರ ಹೋದಳು. ಮುದುಕರಿಬ್ಬರೂ ಅಲ್ಲೇ ಅಡ್ಡಾದರು.

ಕಾಳಕ್ಕನಿಗೆ ಎಚ್ಚರವಾದದ್ದು ಬೆನ್ನಿನ ಕೆಳಗೆ ಕಂಬಳಿ ತೇಲಿದಾಗ. ಯಾರೋ ತನ್ನನ್ನು ಹಾಸಿಗೆ ಸಮೇತ ಎತ್ತಿಕೊಂಡು ಹೋಗುತ್ತಿದ್ದಾರೆ ಅನ್ನಿಸಿತು. ಕಣ್ಣು ಬಿಟ್ಟರೆ ಸುತ್ತ ನೀರು. ಉಳಿದ ರೊಟ್ಟಿ ಗಂಟು ಬಾತುಕೋಳಿಯ ಹಾಗೆ ತೇಲಿ ಹೋಗುತ್ತಿತ್ತು. ಅದರ ಹಿಂದೆ ಬೋರಪ್ಪನ ಹೊಸ ಚಪ್ಪಲಿಗಳು, ಎರಡೂ ಜೋಡಿ ತಪ್ಪದೆ.

"ಚಪ್ಪಲಿ! ಲೇ ದುರುಗೇಶ, ನನ್ನ ಚಪ್ಪಲಿ!" ಬೋರಪ್ಪ ಪಂಚೆ ಎತ್ತಿಕೊಂಡು ಓಡಿದ. ಒಂದು ಅಲೆ ಬಂದು ಅವನನ್ನು ಕೂರಿಸಿ ಹೋಯಿತು. ಕಾಳಕ್ಕ ಕಂಬಳಿಯ ಒಂದು ತುದಿ ಹಿಡಿದು ಎಳೆದಳು. ನೀರು ಕುಡಿದ ಕಂಬಳಿ ಬಸುರಿ ಎಮ್ಮೆಯಷ್ಟು ಭಾರವಾಗಿತ್ತು. ಅಂಜಲಿ ಓಡಿ ಬಂದು ಇನ್ನೊಂದು ತುದಿ ಹಿಡಿದಳು.

ಅತ್ತ ಕಡೆಯಿಂದ ಮೀನಿನ ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬಾಕೆ ನಿಂತು ನಕ್ಕಳು. "ಭರತ ಬರೋ ಹೊತ್ತಿಗೆ ಇಲ್ಲಿ ಮಲಗೂದಾ? ಯಾವ ಊರ ಮಾರಾಯ್ರೇ ನಿಮ್ದು?"

"ಭರತ ಅಂದ್ರೇನಮ್ಮ?"

"ನೀರು ಏರೂದು. ಏರ್ತದೆ, ಇಳೀತದೆ. ದಿನಕ್ಕೆ ಎರಡು ಸಲ."

ಕಾಳಕ್ಕ ಒದ್ದೆ ಸೀರೆಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಸಮುದ್ರ ದಿನಕ್ಕೆ ಎರಡು ಸಲ ಉಸಿರಾಡ್ತೈತೆ ಅಂತಿದ್ರು ನಮ್ಮೆಜಮಾನ್ರು. ನಂಬಿದ್ರೆ ನನ್ನ ಬುತ್ತಿ ಉಳೀತಿತ್ತು. ಲೇ ಬೋರ, ನಿನ್ನ ಚಪ್ಪಲೀನೂ ಉಳೀತಿತ್ತು!" ಅಂತ ಬಿದ್ದು ಬಿದ್ದು ನಕ್ಕಳು.

ಬೋರಪ್ಪ ಬರಿಗಾಲಲ್ಲಿ ಬಿಸಿ ಮರಳಿನ ಮೇಲೆ ಕುಣಿಯುತ್ತಾ, "ಲಾರಿಯೋರು... ಅಯ್ಯೋ... ಲಾರಿಯೋರು ಹೇಳಿರ್ತಾರೆ!" ಅಂದ.

ಶರಾವತಿ ಸೇತುವೆ ದಾಟಿ ಹೊನ್ನಾವರಕ್ಕೆ ಬಂದಾಗ ದುರುಗೇಶ ಗಾಡಿ ನಿಲ್ಲಿಸಿದ. ಬಲಕ್ಕೆ ತಿರುಗಿದರೆ ಘಟ್ಟದ ದಾರಿ, ಊರಿನ ದಾರಿ. ನೇರ ಹೋದರೆ ಕುಮಟೆ, ಅದನ್ನೂ ದಾಟಿ ಗೋಕರ್ಣದ ಕಡೆ ಉಪ್ಪಿನ ಹೊಲ.

"ಅವ್ವ, ನಾಳೆ ಮದುವೆ ಬಾಡಿಗೆ ಐತೆ. ಹೊತ್ತಾಗ್ತೈತೆ. ಕೋತಿ ನೋಡಿದ್ವಿ, ಮೀನು ನೋಡಿದ್ವಿ, ಸಮುದ್ರ ನಿನ್ನ ಹಾಸಿಗೇಗೇ ಬಂತು. ಅಪ್ಪ ಹೇಳಿದ್ದೆಲ್ಲಾ ನಿಜ ಅಂತ ಆಯ್ತಲ್ಲ. ವಾಪಸ್ ಹೋಗಾಣ."

"ಆಗ್ಲಿಲ್ಲ. ಅವನು ಲಾರಿ ಲಾರಿ ಅಂತಾನಲ್ಲ," ಅಂದಳು ಕಾಳಕ್ಕ. ಬಾಗಿಲು ತೆಗೆದು ಇಳಿದಳು. ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತಳು. ಮುಂದಕ್ಕೆ ಹೆಜ್ಜೆ ಇಡಲ್ಲ ಅಂದ ಕುರಿಯನ್ನು ತಳ್ಳಿದರೆ ಇನ್ನೂ ಗಟ್ಟಿಯಾಗಿ ಕಾಲೂರುತ್ತೆ ಅಂತ ಕುರಿಗಾರರ ಮಗನಿಗೆ ಹೇಳಿಕೊಡಬೇಕಾಗಿರಲಿಲ್ಲ. ಹಿಂದಿನ ಸೀಟಿನಿಂದ ಬೋರಪ್ಪನೂ, "ತೋರಿಸಿಬಿಡಪ್ಪ ದುರುಗೇಶ. ಇಲ್ಲಾಂದ್ರೆ ನಮ್ಮ ಅತ್ತಿಗೆ ನನ್ನ ಜೀವ ತಿಂತಾಳೆ," ಅಂದ. ದುರುಗೇಶ ಹಣೆ ಚಚ್ಚಿಕೊಂಡು, "ಹತ್ತವ್ವ," ಅಂದ.

ಉಪ್ಪಿನ ಹೊಲ ಮೊದಲ ನೋಟಕ್ಕೆ ಏನೂ ಅನ್ನಿಸಲಿಲ್ಲ. ಬಿಸಿಲಿಗೆ ಹೊಳೆಯುವ ಕೆಸರು ನೀರಿನ ಮಡಿಗಳು, ನಡುವೆ ಬದು, ಬದುವಿನ ಮೇಲೆ ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿ. "ಭತ್ತದ ಗದ್ದೆ," ಅಂದ ಬೋರಪ್ಪ. ಕಾಳಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದಳು. ಒಳಗೆ ಹೋದ ಹಾಗೆ ನೀರು ತೆಳುವಾಯಿತು, ಅದರ ಮೇಲೆ ಕೆನೆ ಕಟ್ಟಿತು. ಕೊನೆಯ ಮಡಿಗಳಲ್ಲಿ ಜನ ಉದ್ದ ಕೋಲಿಗೆ ಕಟ್ಟಿದ ಹಲಗೆಯಿಂದ ಕೆನೆ ಎಳೆದು ಅಂಚಿಗೆ ತರುತ್ತಿದ್ದರು. ಅಂಚಿನಲ್ಲಿ ರಾಶಿ ರಾಶಿ ಉಪ್ಪು, ಮಣ್ಣಿನ ಬಣ್ಣ ಚೂರು ತಾಗಿದ ಉಪ್ಪು, ನಮ್ಮ ಕಡೆ ಕಣದಲ್ಲಿ ರಾಗಿ ರಾಶಿ ಹಾಕಿದ ಹಾಗೆ.

ಕಾಳಕ್ಕ ಕೂತು ಒಂದು ಹರಳು ಬಾಯಿಗೆ ಹಾಕಿಕೊಂಡಳು. ಬೋರಪ್ಪನೂ ಹಾಕಿಕೊಂಡ. ಮುಖ ಹಿಂಡಿದ. ಆದರೂ, "ಹೊಲ ಇಲ್ಲ ಅಂತ ನಾನೆಲ್ಲಿ ಅಂದೆ?" ಅಂದ.

ರಾಶಿಯ ನೆರಳಲ್ಲಿ ಒಬ್ಬ ಮುದುಕಿ ಬುಟ್ಟಿ ಬೋರಲು ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಕತ್ತಿನ ತುಂಬಾ ಕರಿಮಣಿ ಸರ. ಹಲ್ಲು ಹೆಚ್ಚೇನೂ ಉಳಿದಿರಲಿಲ್ಲ, ಕಣ್ಣು ಮಾತ್ರ ಚುರುಕು. "ಎಂತ ಬೇಕಾಗಿತ್ತು?" ಅಂತ ಕೇಳಿದಳು.

"ಬಹಳ ಹಿಂದೆ ನಮ್ಮೆಜಮಾನ್ರು ಇಲ್ಲಿ ದುಡಿದಿದ್ರಂತೆ. ದುರ್ಗದ ಕಡೆಯೋರು. ಎತ್ತರದ ಆಳು, ಕಂಬಳಿ ಹಾಕ್ಕಂತಿದ್ರು."

"ಹೆಸರೆಂತದು?"

ಕಾಳಕ್ಕ ಸೆರಗು ಬಾಯಿಗೆ ಹಿಡಿದಳು. ಗಂಡನ ಹೆಸರು ಅವಳು ಯಾವತ್ತೂ ಹೇಳಿದವಳಲ್ಲ. ಬೋರಪ್ಪನ ಕಡೆ ನೋಡಿದಳು. "ಓಬಣ್ಣ," ಅಂದ ಬೋರಪ್ಪ.

ಮುದುಕಿ ತಲೆಯಾಡಿಸಿದಳು. "ಇಲ್ಯಪ್ಪ, ನೆನಪಿಲ್ಲ. ಘಟ್ಟದ ಮೇಲಿನವ್ರು ಎಷ್ಟೋ ಜನ ಬರ್ತಿದ್ರು, ಹೋಗ್ತಿದ್ರು. ಯಾರಂತ ನೆನಪಿಟ್ಕಂಬೂದು?"

ಕಾಳಕ್ಕನ ಮುಖ ಸಣ್ಣದಾಯಿತು. ಬೋರಪ್ಪ ಗೆದ್ದಿದ್ದ. ಆದರೆ ಅವನಿಗೂ ಅದು ರುಚಿಸಿದ ಹಾಗೆ ಕಾಣಲಿಲ್ಲ, ನೆಲ ನೋಡುತ್ತಾ ನಿಂತ. ಅಂಜಲಿ, "ಬಾ ಅಜ್ಜಿ," ಅಂತ ರಟ್ಟೆ ಹಿಡಿದಳು.

ಆಗ ಮುದುಕಿ ತನ್ನಷ್ಟಕ್ಕೆ ನಕ್ಕಳು. "ಆಗ ನಾವೆಲ್ಲಾ ಪ್ರಾಯದ ಹುಡುಗಿಯರು. ಕಂಬಳಿ ಹೊದ್ಕಂಡು ಬಂದವ್ರನ್ನ ಕಾಡಿಸೂದೇ ನಮ್ಮ ಕೆಲ್ಸ. 'ಇಲ್ಲೇ ಇರೋ ಘಟ್ಟದವ್ನೇ, ನಿನ್ನ ಕಂಬಳಿ ಬಿಚ್ಚಿ ಮೀನಿನ ಬಲೆ ಹೆಣೆದ್ಕೊಡ್ತೆ' ಅಂತ ಹೇಳ್ತಿದ್ವು. ಪಾಪ, ಕೆಂಪಾಗ್ತಿದ್ರು!"

ಕಾಳಕ್ಕ ನಿಂತಲ್ಲೇ ನಿಂತಳು. ಬೋರಪ್ಪ ಬಾಯಿ ತೆರೆದ. ತೆರೆದದ್ದು ಮುಚ್ಚಲಿಲ್ಲ.

ಹಟ್ಟಿಯಲ್ಲಿ ಈ ಮಾತು ಗೊತ್ತಿದ್ದದ್ದು ಇಬ್ಬರಿಗೇ. ಗಂಡ ಹೆಂಡತಿ ಜಗಳವಾಡಿದಾಗಲೆಲ್ಲಾ ಓಬಣ್ಣ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, "ಅಲ್ಲೊಬ್ಳು ಕರೆದಿದ್ಲು ಕಣೆ, ಇಲ್ಲೇ ಇರೋ ಘಟ್ಟದವ್ನೇ, ಕಂಬಳಿ ಬಿಚ್ಚಿ ಬಲೆ ಹೆಣೆದ್ಕೊಡ್ತೀನಿ ಅಂತ. ಇರ್ಬೇಕಾಗಿತ್ತು ನಾನು!" ಅನ್ನುತ್ತಿದ್ದ. ಅಡವಿಯಲ್ಲಿ ರೊಪ್ಪ ಹಾಕಿದ ರಾತ್ರಿಗಳಲ್ಲಿ ಬೋರಪ್ಪನಿಗೂ ಹೇಳಿದ್ದ. ಇಬ್ಬರೂ ಅದನ್ನು ಎಲ್ಲಕ್ಕಿಂತ ದೊಡ್ಡ ಸುಳ್ಳು ಅಂತ ಎಣಿಸಿದ್ದರು. ಓಬಣ್ಣನನ್ನು ನೋಡಿ ಯಾರು ಕರೆಯುತ್ತಾರೆ?

ಬೋರಪ್ಪ ಉಪ್ಪಿನ ರಾಶಿಯ ಪಕ್ಕ ಬರಿಗಾಲು ಚಾಚಿ ಕೂತುಬಿಟ್ಟ. "ಇದನ್ನ ಲಾರಿಯೋರು ಹೇಳಾಕಾಗಲ್ಲ," ಅಂದ. ಆಮೇಲೆ ಮೇಲೆ ನೋಡಿ, "ಲೇ ಅಣ್ಣ, ನಿಜವಾಗ್ಲೂ ಬಂದಿದ್ಯಲ್ಲೋ! ನಿಜಾನೇ ಹೇಳಿ ಸುಳ್ಳ ಅನ್ನಿಸ್ಕೊಂಡ್ಯಲ್ಲೋ ಬಡ್ಡಿಮಗನೆ!" ಅಂತ ತೊಡೆ ತಟ್ಟಿ ನಕ್ಕ. ನಗುತ್ತಾ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಉಪ್ಪುಗಾಳಿಗೆ ಕಣ್ಣುರಿ ಅಂತ ಅಂಜಲಿಗೆ ಹೇಳಿದ.

ಕುರಿಗಳಿಗೆ ಅಂತ ಒಂದು ಮೂಟೆ ಉಪ್ಪು ಹಾಕಿಸಿಕೊಂಡರು. ಮುದುಕಿ ಮೂಟೆ ಎತ್ತಲು ಕೈ ಕೊಟ್ಟಳು. ಕಾಳಕ್ಕ ಅವಳನ್ನು ತಲೆಯಿಂದ ಕಾಲಿನವರೆಗೆ, ಸಂತೆಯಲ್ಲಿ ಕುರಿ ನೋಡುವ ಹಾಗೆ ನೋಡಿದಳು.

ಘಟ್ಟ ಹತ್ತುವಾಗ ಕಾಳಕ್ಕ ಮುಖ ಊದಿಸಿಕೊಂಡು ಕೂತಿದ್ದಳು. ಗೆದ್ದು ಬಂದವಳು ಹೀಗೆ ಕೂತರೆ ಹೇಗೆ ಅಂತ ಅಂಜಲಿಗೆ ದಿಗಿಲಾಯಿತು. "ಏನಾಯ್ತಜ್ಜಿ? ಅಜ್ಜ ಹೋಗಿದ್ದು ನಿಜ ಅಂತ ಆಯ್ತಲ್ಲ?"

"ಹೂಂ. ಅವ್ಳು ಕರೆದಿದ್ದೂ ನಿಜ ಅಂತ ಆಯ್ತು."

ದುರುಗೇಶ ನಗು ತಡೆಯಲಾರದೆ ಗೇರು ತಪ್ಪಿಸಿದ. ಬೋರಪ್ಪ ಸೀಟಿನಿಂದ ಮುಂದಕ್ಕೆ ಬಾಗಿದ. "ಅತ್ತಿಗೆ, ಅದು ತಮಾಷೆ. ಎಲ್ರಿಗೂ ಹೇಳ್ತಿದ್ವು ಅಂದ್ಲಲ್ಲ. ಅದೊಂದು ಸುಳ್ಳು ಅಂತಲೇ ಇಟ್ಕೋ."

"ಯಾಕೆ ಇಟ್ಕಳ್ಳಿ? ನಿನ್ನೆಯಿಂದ ಎಲ್ಲಾ ಸುಳ್ಳು ಅಂದೋನು ನೀನು. ಎಲ್ಲಾ ನಿಜ ಆದ್ಮೇಲೆ ಅದೊಂದು ಹೆಂಗೆ ಸುಳ್ಳಾಗ್ತೈತೆ?"

"ಇರ್ಲಿ ಬಿಡು. ಕರೆದ್ಲು ಅಂತಲೇ ಇರ್ಲಿ. ಅದಕ್ಕೀಗ ಸಿಟ್ಟಾ?"

ಕಾಳಕ್ಕ ಕಿಟಕಿಯಾಚೆ ನೋಡಿದಳು. ಮರಗಳ ಸಂದಿನಲ್ಲಿ ಹೊತ್ತು ಮುಳುಗುತ್ತಿತ್ತು. "ಈ ಘಟ್ಟಾನ ಅವ್ರು ಮೂಟೆ ಹೊತ್ಕೊಂಡು ಹತ್ತಿದ್ರು. ಕರೆದೋಳನ್ನ ಕೆಳಗೆ ಬಿಟ್ಟು," ಅಂದಳು. ಆಮೇಲೆ ಅವಳ ಮುಖದ ಮೇಲೆ ಒಂದು ನಗು ಬಂತು. ಊರು ಸೇರುವವರೆಗೂ ಅದು ಹೋಗಲಿಲ್ಲ.

ಈಗ ಹಟ್ಟಿಯಲ್ಲಿ 'ಓಬಣ್ಣನ ಉಪ್ಪು' ಅಂದರೆ ಅರ್ಥ ಬೇರೆ. ಕೇಳಲು ಸುಳ್ಳಿನ ಹಾಗಿದ್ದು ನಿಜವಾಗಿರುವುದಕ್ಕೆಲ್ಲಾ ಆ ಹೆಸರು. ಅದನ್ನು ಚಾಲ್ತಿಗೆ ತಂದವನೂ ಬೋರಪ್ಪನೇ. ಸಂಜೆ ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲಾ ಪ್ರಯಾಣದ ಕಥೆ ಹೇಳುತ್ತಾನೆ. ಒಂದೊಂದು ಸಲ ಹೇಳಿದಾಗಲೂ ಕೋತಿ ಒಂದೊಂದು ಮೊಳ ಬೆಳೆಯುತ್ತೆ.

"ಕರು ಗಾತ್ರ ಇತ್ತು!" ಅಂದರೆ ರೊಪ್ಪದಿಂದ ಕಾಳಕ್ಕ ಕೂಗುತ್ತಾಳೆ: "ಇರ್ಲಿಲ್ಲ! ನಮ್ಮ ನಾಯಿ ಅಷ್ಟಿತ್ತು!"

"ಮೀನು ದೋಣಿ ಮೇಲಿಂದ ಹಾರ್ತು!"

"ಕಣ್ಣು ಮುಚ್ಕೊಂಡಿದ್ದೋನಿಗೆ ಹೆಂಗೆ ಕಾಣ್ತೋ?"

ಬೋರಪ್ಪ ಎದೆಗುಂದುವವನಲ್ಲ. ದನಿ ತಗ್ಗಿಸಿ ಕೊನೆಯ ಭಾಗಕ್ಕೆ ಬರುತ್ತಾನೆ. ನಮ್ಮಣ್ಣ ಮೂಟೆ ಹೊತ್ತು ಹೊರಟನಂತೆ. ಬದುವಿನ ಮೇಲೆ ಆ ಹುಡುಗಿ ನಿಂತಿದ್ದಳಂತೆ, ಕತ್ತಿನ ತುಂಬಾ ಕರಿಮಣಿ, ಚಂದ್ರನಂಥ ಮುಖ. ಹೋಗಬ್ಯಾಡ ಘಟ್ಟದವ್ನೇ ಅಂತ ಅತ್ತಳಂತೆ. ಅಣ್ಣ ತಿರುಗಿ ಕೂಡ ನೋಡಲಿಲ್ಲವಂತೆ.

ಕಟ್ಟೆಯ ಮೇಲಿನವರೆಲ್ಲಾ ರೊಪ್ಪದ ಕಡೆ ತಿರುಗಿ, ಕಾಳಕ್ಕ ಈಗ ಏನು ಕೂಗುತ್ತಾಳೆ ಅಂತ ಕಾಯುತ್ತಾರೆ. ಕಾಳಕ್ಕ ಏನೂ ಕೂಗುವುದಿಲ್ಲ. ಬಗ್ಗಿ, ಮರಿಯ ಬಾಯಿಗೆ ಅಂಗೈಯಿಂದ ಉಪ್ಪು ನೆಕ್ಕಿಸುತ್ತಾ ಕೂತಿರುತ್ತಾಳೆ.